ಮೇಜಿನ ಕೆಳಗೆ ಹೋದ ಗೊಂಬೆಗಳು

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅನುಮಾನ ಉಪ್ಪಿನ ಹಾಗಿತ್ತು; ಒಂದು ಚಿಟಿಕೆ ಬೀಳದೆ ಯಾವುದೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಪ್ಪ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್ ಎಂಬ ಊರಿನ ಯೂನಿವರ್ಸಿಟಿಯಲ್ಲಿ ದನ ಮೇಯುವ ಹುಲ್ಲಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಕಾರಿಗೆ ಬೀಗ ಹಾಕಿ ಸ್ವಲ್ಪ ದೂರ ಹೋಗುತ್ತಿದ್ದ, ಮತ್ತೆ ಬಂದು ಬಾಗಿಲು ಜಗ್ಗಿ ನೋಡುತ್ತಿದ್ದ. ಬೀದಿ ಮೂಲೆಯ ಅಂಗಡಿಗೆ ಅಲ್ಲಿ ಡೇರಿ ಎನ್ನುತ್ತಾರೆ. ಅಲ್ಲಿಂದ ಹಾಲು ತಂದರೆ ಮುಚ್ಚಳ ತೆಗೆದು ಮೂಸದೆ ಫ್ರಿಜ್‌ನಲ್ಲಿ ಇಡುತ್ತಿರಲಿಲ್ಲ. ಅಕ್ಕ, ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕರೆಂದು ತಿಳಿಯುತ್ತಿದ್ದಳು. ನಾನಂತೂ ಇಬ್ಬರನ್ನೂ ಮೀರಿಸಿದವಳು. ಯಾರನ್ನೂ ಅನುಮಾನಿಸದೆ ಬದುಕುತ್ತಿದ್ದವಳು ಅವ್ವ ಒಬ್ಬಳೇ.

ಅವ್ವ ಧಾರವಾಡದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ನ್ಯೂಜಿಲೆಂಡಿಗೆ ಬಂದ ಮೇಲೆ ಅವಳ ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ ಎಂದು ಗೊತ್ತಾಯಿತು. ನಾವು ಶಾಲೆಗೆ, ಅಪ್ಪ ಹುಲ್ಲಿಗೆ ಹೋದ ಮೇಲೆ ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಸಪಾಟಾದ ಬೀದಿ, ಗಾಳಿಗೆ ತಲೆ ತಗ್ಗಿಸಿ ಸೈಕಲ್ ತುಳಿಯುವವರು, ಅಷ್ಟೇ. ಸಂಜೆ ನಾವು ಬಂದು ಇವತ್ತು ಏನು ಮಾಡಿದೆ ಎಂದು ಕೇಳಿದರೆ, "ಏನಿಲ್ಲವಾ" ಎನ್ನುತ್ತಿದ್ದಳು.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಅವಳನ್ನು ನಾವು ಜಪಾನ್ ಅಜ್ಜಿ ಎನ್ನುತ್ತಿದ್ದೆವು. ಕಾಗದದ ಗೊಂಬೆ ಮಾಡಿ, ಊರಿನ ಹಾಲ್‌ನಲ್ಲಿ ಶನಿವಾರ ಸೇರುವ ಕರಕುಶಲ ಸಂತೆಯಲ್ಲಿ ಮಾರುತ್ತಿದ್ದಳು. ಒಂದು ದಿನ ಅವ್ವ ತಂತಿಯ ಮೇಲೆ ಒಣಹಾಕಿದ್ದ ಇಳಕಲ್ ಸೀರೆಯ ಸೆರಗನ್ನು ಅಜ್ಜಿ ಬೇಲಿಯಾಚೆಯಿಂದ ಕೈಚಾಚಿ ಮುಟ್ಟಿದಳು. ಆಮೇಲೆ ಒಳಗೆ ಓಡಿಹೋಗಿ ಅದೇ ಕೆಂಪಿನ ಒಂದು ಕಾಗದ ತಂದು ಸೆರಗಿನ ಪಕ್ಕಕ್ಕೆ ಹಿಡಿದು ನಕ್ಕಳು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಮಾರನೆಯ ದಿನವೇ ಅವ್ವ ಅವಳ ಮೇಜಿನ ಮುಂದೆ ಕೂತಿದ್ದಳು.

"ಪುಕ್ಕಟ ಯಾರೂ ಏನೂ ಕಲಸಂಗಿಲ್ಲ, ನೋಡಕೋತ ಇರು" ಎಂದ ಅಪ್ಪ.

ನನಗೂ ಹಾಗೇ ಅನ್ನಿಸಿತ್ತು. ಆ ಗೊಂಬೆಗಳಿಗೆ ಮುಖವೇ ಇರಲಿಲ್ಲ. ಬಿಳಿ ಕಾಗದದ ದುಂಡನೆಯ ತಲೆ, ಕಪ್ಪು ಕಾಗದ ನಿರಿಗೆ ಹಿಡಿದು ಮಾಡಿದ ತುರುಬು; ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಕಣ್ಣಿಲ್ಲದ್ದು ನನ್ನನ್ನೇ ನೋಡುತ್ತಿದೆ ಎನ್ನಿಸಿ ನಾನು ಅವಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಆದರೆ ಆ ಕಾಗದ ಮಾತ್ರ ಎಂಥ ಕಾಗದ ಅಂತೀರಿ! ಮುಟ್ಟಿದರೆ ತೊಳೆದು ತೊಳೆದು ಮೆತ್ತಗಾದ ಬಟ್ಟೆಯ ಹಾಗೆ. ಮೇಲೆ ಬಂಗಾರದ ಗೆರೆಯ ಹೂವುಗಳು. ಅದಕ್ಕೆ ಹಚ್ಚುವ ಅಂಟು ಗಂಜಿಯ ವಾಸನೆ ಹೊಡೆಯುತ್ತಿತ್ತು.

ಗೊಂಬೆಗೆ ತೊಡಿಸುವುದು ಕಿಮೊನೊ ಎಂಬ ಉದ್ದನೆಯ ನಿಲುವಂಗಿ. ಅದರ ಎರಡು ಅಂಚುಗಳು ಎದೆಯ ಮೇಲೆ ಒಂದರ ಮೇಲೊಂದು ಬರುತ್ತವೆ. ಜಪಾನ್ ಅಜ್ಜಿ ಯಾವಾಗಲೂ ಎಡಗಡೆಯ ಅಂಚನ್ನು ಮೇಲೆ ತರುತ್ತಿದ್ದಳು. ಅವ್ವ ಅವಳ ಮನೆಯಲ್ಲಿ ಹಾಗೆಯೇ ಕಲಿತಳು. ನಮ್ಮ ಮನೆಯಲ್ಲಿ ತಾನೊಬ್ಬಳೇ ಕೂತು ಮಾಡುವಾಗ ಮಾತ್ರ ಬಲಗಡೆಯದನ್ನು ಮೇಲೆ ತಂದಳು. ಅಕ್ಕ ಯಾಕೆಂದು ಕೇಳಿದಳು.

"ಒಳ್ಳೇ ಕೆಲಸಕ್ಕ ಬಲಗಡೆದ ಮ್ಯಾಲ ಇರಬೇಕವಾ. ಬಲಗಾಲ ಇಟ್ಟು ಒಳಗ ಬರತೀವಿ, ಬಲಗೈಲೆ ಕೊಡತೀವಿ. ಎಡ ಮ್ಯಾಲ ಬಂದ್ರ ಚೊಲೊ ಅಲ್ಲ" ಎಂದಳು ಅವ್ವ. ಆಮೇಲೆ ಕತ್ತರಿ ಕೆಳಗಿಟ್ಟು, "ಈ ಶನಿವಾರ ಸಂತ್ಯಾಗ ಇವು ಆಕಿ ಮೇಜಿನ ಮ್ಯಾಲ ನಿಂತ್ರ ನಾನೂ ಇಲ್ಲಿ ಏನೋ ಒಂದು ಆದಂಗ. ಇಲ್ಲಂದ್ರ ಇದನ್ನೆಲ್ಲಾ ಕಟ್ಟಿ ಇಟ್ಟಬಿಡತೀನಿ" ಎಂದಳು. ತಮಾಷೆಗೆ ಹೇಳಿದ್ದಲ್ಲ.

ಶನಿವಾರ ಬಂತು. ಹಾಲ್‌ನಲ್ಲಿ ಸಾಲಾಗಿ ಮೇಜುಗಳಿದ್ದವು. ಒಬ್ಬರು ಜೇನು ಇಟ್ಟಿದ್ದರು, ಒಬ್ಬರು ಉಣ್ಣೆಯ ಟೋಪಿ, ಇನ್ನೊಬ್ಬರು ಫೀಜೋವಾ ಹಣ್ಣಿನ ಜಾಮ್. ಎಲ್ಲ ಕಡೆ ಕಾಫಿಯ, ಒದ್ದೆ ಕೋಟುಗಳ ವಾಸನೆ. ಅವ್ವ ಗೊಂಬೆಗಳ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಪಾನ್ ಅಜ್ಜಿಯ ಮುಂದಿಟ್ಟಳು. ಅಜ್ಜಿ ನಗುತ್ತಲೇ ಮುಚ್ಚಳ ತೆಗೆದಳು. ಒಂದು ಗೊಂಬೆ ಎತ್ತಿ ನೋಡಿದಳು, ಇನ್ನೊಂದನ್ನು ನೋಡಿದಳು. ಅವಳ ನಗು ಹೊರಟುಹೋಯಿತು. ಸುತ್ತಮುತ್ತ ಯಾರಾದರೂ ನೋಡಿದರೇನೋ ಎಂಬಂತೆ ಕಣ್ಣಾಡಿಸಿ, ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿದಳು. ಮೇಲೊಂದು ಬಟ್ಟೆ ಹೊದಿಸಿದಳು.

"ಲೇಟರ್, ಲೇಟರ್" ಎಂದಳು, ಅವ್ವನ ಮುಖ ನೋಡದೆ.

ಅವ್ವ ನಿಂತೇ ಇದ್ದಳು. ಮೇಜಿನ ತುಂಬ ಅಜ್ಜಿಯ ಗೊಂಬೆಗಳು. ಜನ ಬಂದು ಎತ್ತಿ ನೋಡುತ್ತಿದ್ದರು, ಕೊಳ್ಳುತ್ತಿದ್ದರು.

"ಮುಚ್ಚಿಟ್ಲಲ್ಲ? ನಾ ಮೊದಲ ಹೇಳಿದ್ದೆ" ಎಂದು ಅಪ್ಪ ಕನ್ನಡದಲ್ಲಿ ಗೊಣಗಿದ.

"ಜಾಗಾ ಸಾಲಂಗಿಲ್ಲೇನೋ, ಸುಮ್ನಿರ್ರಿ" ಎಂದಳು ಅವ್ವ.

"ಶೀ ಈಸ್ ಜೆಲಸ್, ಅವ್ವಾ. ನಿನ್ನ ಗೊಂಬಿ ಆಕಿ ಗೊಂಬಿಕಿಂತ ಚಂದ ಅದಾವ" ಎಂದಳು ಅಕ್ಕ.

ಅವ್ವ ಚೀಲದಿಂದ ತನ್ನ ಸ್ಕಾರ್ಫ್ ತೆಗೆದು ಕತ್ತಿಗೆ ಸುತ್ತಿಕೊಳ್ಳತೊಡಗಿದಳು. ಹೊರಡುವ ತಯಾರಿ ಅದು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಆ ಮುದುಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಗಿರಾಕಿಗಳು ಸ್ವಲ್ಪ ಕಡಿಮೆಯಾದದ್ದೇ ತಡ, ಅವಳು ಬಗ್ಗಿ ಪೆಟ್ಟಿಗೆ ಎತ್ತಿಕೊಂಡು, ಶಾಲಿನಲ್ಲಿ ಮರೆಮಾಡಿ ಹಿಂಬಾಗಿಲಿನಿಂದ ಹೊರಗೆ ನಡೆದಳು. ಸಿಕ್ಕಿಬಿದ್ದಳು ಈಗ ಎಂದುಕೊಂಡು ನಾನು ಹಿಂದೆಯೇ ಹೋದೆ.

ಹಿಂದುಗಡೆ ಅವಳ ಪುಟ್ಟ ಕಾರು ನಿಂತಿತ್ತು. ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿಟ್ಟು ಅದಕ್ಕೆ ಸೀಟ್ ಬೆಲ್ಟ್ ಕಟ್ಟಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಪೆಟ್ಟಿಗೆಗೆ ಕೈಮುಗಿದು ತಲೆಬಾಗಿದಳು. ಕದ್ದ ಮಾಲಿಗೆ ಬೆಲ್ಟ್ ಕಟ್ಟಿ ಕೈಮುಗಿಯುವ ಕಳ್ಳಿಯನ್ನು ನಾನು ಅದೇ ಮೊದಲು ನೋಡಿದ್ದು. ಮಾಟಗೀಟ ಮಾಡುತ್ತಾಳೋ ಏನೋ ಎಂದು ಹೆದರಿಕೆಯಾಯಿತು. ಆದರೂ ಬಿಡಲಿಲ್ಲ.

"ನಮ್ಮ ಅವ್ವನ ಗೊಂಬೆಗಳನ್ನು ಯಾಕೆ ಕದಿಯುತ್ತಿದ್ದೀಯ?" ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿದೆ.

ಅವಳು ಬೆಚ್ಚಿಬಿದ್ದು ತಿರುಗಿದಳು. ತನ್ನ ಶಾಲಿನ ಎರಡು ತುದಿ ಹಿಡಿದು, ಎಡಗಡೆಯದನ್ನು ಎದೆಯ ಮೇಲೆ ಮೇಲಾಗಿ ತಂದು, "ಲಿವಿಂಗ್" ಎಂದಳು. ಅದನ್ನು ಬಿಚ್ಚಿ ಬಲಗಡೆಯದನ್ನು ಮೇಲೆ ತಂದಳು. ಕಣ್ಣು ಮುಚ್ಚಿ, ಕತ್ತು ವಾಲಿಸಿ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡಳು. "ಡೆಡ್" ಎಂದಳು. "ಮೈ ಹಸ್ಬೆಂಡ್. ಐ ಡು ಲೈಕ್ ದಿಸ್."

ಅಷ್ಟರಲ್ಲಿ ನನ್ನ ಕೂಗು ಕೇಳಿ ಅವ್ವ ಓಡಿಬಂದಿದ್ದಳು, ಹಿಂದೆ ಅಪ್ಪ ಮತ್ತು ಅಕ್ಕ. ಜಪಾನಿನಲ್ಲಿ ಸತ್ತವರಿಗೆ ಮಾತ್ರ ಬಲಗಡೆಯ ಅಂಚನ್ನು ಮೇಲೆ ತಂದು ಉಡಿಸುತ್ತಾರಂತೆ, ಗಂಡ ಸತ್ತಾಗ ಅವಳೂ ಹಾಗೇ ಉಡಿಸಿದಳಂತೆ ಎಂದು ನಾನು ಅವರಿಗೆ ಹೇಳಿದೆ.

ಅವ್ವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. "ಅಯ್ಯ ನಮ್ಮವ್ವ... ಇಷ್ಟೂ ಗೊಂಬಿಗೆ ಹೆಣಕ್ಕ ಉಡಿಸಿದಂಗ ಉಡಿಸೀನಿ?"

"ಹಂಗಿದ್ರ ಆಗಲೇ ಯಾಕ ಹೇಳಲಿಲ್ಲಂತ ಕೇಳು" ಎಂದ ಅಪ್ಪ. ಅವನ ಅನುಮಾನ ಇನ್ನೂ ಇಳಿದಿರಲಿಲ್ಲ. ನಾನು ಕೇಳಿದೆ. ಅಜ್ಜಿ ತಡವರಿಸುತ್ತ ತನ್ನ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. ಮನೆಗೆ ಒಯ್ದು, ಯಾರಿಗೂ ತಿಳಿಯದ ಹಾಗೆ ಅಂಟು ಬಿಡಿಸಿ ಸರಿ ಮಾಡಿ, ಮುಂದಿನ ಸಂತೆಗೆ ಇಡಬೇಕೆಂದಿದ್ದಳು. ತಪ್ಪು ಎಂದರೆ ಅವ್ವನಿಗೆ ನೋವಾಗುತ್ತದೆ, ನಾಳೆಯಿಂದ ಬರುವುದಿಲ್ಲ. ಗಂಡ ಹೋದ ಮೇಲೆ ತನ್ನ ಮೇಜಿಗೆ ಬಂದು ಕೂತವಳು ಇವಳೊಬ್ಬಳೇ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿದವು.

ಅವ್ವ ಎದ್ದು ಅವಳ ಎರಡೂ ಕೈ ಹಿಡಿದಳು. "ರೈಟ್ ಹ್ಯಾಂಡ್ ಗುಡ್. ರೈಟ್ ಲೆಗ್ ಗುಡ್. ಅವರ್ ಸೈಡ್, ಎವ್ರಿಥಿಂಗ್ ರೈಟ್" ಎಂದು ವಿವರಿಸತೊಡಗಿದಳು. ಕಾರಿನ ಸುತ್ತ ಬಲಗಾಲು ಮುಂದಿಟ್ಟು ನಡೆದೂ ತೋರಿಸಿದಳು. ಅಜ್ಜಿಗೆ ನಿಧಾನವಾಗಿ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಆತುಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಕಾರಿನಲ್ಲೇ ಕೂತು, ಒದ್ದೆ ಕರವಸ್ತ್ರದಿಂದ ಅಂಟು ನೆನೆಸಿ ಅಂಚು ಬಿಡಿಸಿದರು. ಕೆಲವು ಹರಿದವು. ಸಂತೆ ಮುಗಿಯುವುದರೊಳಗೆ ಒಂದೇ ಒಂದು ಗೊಂಬೆ ಸರಿಯಾಯಿತು. ಅಜ್ಜಿ ತನ್ನವನ್ನು ಆಚೀಚೆ ಸರಿಸಿ ಅದನ್ನು ಮೇಜಿನ ನಟ್ಟನಡುವೆ ನಿಲ್ಲಿಸಿದಳು. ಟೋಪಿ ಮಾರುತ್ತಿದ್ದ ಹೆಂಗಸು ಬಂದು ಅದನ್ನೇ ಎತ್ತಿಕೊಂಡು, ಯಾರು ಮಾಡಿದ್ದು ಎಂದು ಕೇಳಿದಳು. ಅಜ್ಜಿ ಅವ್ವನನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ನಾನ ಮಾಡೀನಿ" ಎಂದಳು ಅವ್ವ, ಅಪ್ಪಟ ಧಾರವಾಡದ ಕನ್ನಡದಲ್ಲಿ. ಆ ಹೆಂಗಸಿಗೆ ಅರ್ಥವಾಗಿಯೇ ಬಿಟ್ಟಿತು.

ಮಕ್ಕಳೇ, ನಿಮ್ಮ ಕಾಲ ಬೇರೆ. ಯಾವ ದೇಶದವರು ಯಾವ ಅಂಚನ್ನು ಮೇಲೆ ತರುತ್ತಾರೆ ಎಂದು ನೀವು ಬಾಯಿ ಬಿಡುವ ಮೊದಲೇ ಗೋಡೆಯ ಮೇಲಿನ ಆ ಮಾತಾಡುವ ಕಂಪ್ಯೂಟರ್ ಪರದೆ ಹೇಳುತ್ತದೆ. ಒಳ್ಳೆಯದೇ, ಅವ್ವನಂತೆ ನೀವು ಗೊಂಬೆಗಳಿಗೆ ಹೆಣದ ಉಡುಪು ತೊಡಿಸುವುದಿಲ್ಲ. ಆದರೆ ಎದುರುಮನೆಯ ಹುಡುಗ ನಿಮ್ಮ ಜೊತೆ ಮಾತು ಬಿಟ್ಟಿದ್ದಾನಲ್ಲ, ಅವನು ಯಾಕೆ ಹೀಗೆ ಮಾಡಿದ ಎಂದು ಮೊನ್ನೆಯಿಂದ ಆ ಪರದೆಯನ್ನೇ ಕೇಳುತ್ತ ಕೂತಿದ್ದೀರಿ. ಅದು ಬಣ್ಣಬಣ್ಣದ ಕಾರಣಗಳನ್ನು ಕೊಡುತ್ತಿದೆ, ನೀವು ನಂಬುತ್ತಿದ್ದೀರಿ. ನನಗೆ ಒಂದರ ಮೇಲೂ ನಂಬಿಕೆಯಿಲ್ಲ. ಚಪ್ಪಲಿ ಹಾಕಿಕೊಳ್ಳಿ, ರಸ್ತೆ ದಾಟಿ ಅವನ ಬಾಗಿಲು ತಟ್ಟಿ. ಕಳ್ಳ ಎಂದಾದರೂ ಬೈಯಿರಿ, ಪರವಾಗಿಲ್ಲ. ಅವನ ಎದುರಿಗೆ ನಿಂತು ಬೈಯಿರಿ.