ಸುಮೇರಾಳ ಹಳೇ ಬೋಲ್ಟ್

ಭದ್ರಾವತಿಯ ನ್ಯೂ ಟೌನಿನಲ್ಲಿ ನಸರುಲ್ಲಾ ಅವರ ಗ್ಯಾರೇಜು ಯಾರಿಗೆ ಗೊತ್ತಿಲ್ಲ? ಎದುರಿನ ಟೈರ್ ಅಂಗಡಿ ನನ್ನದು. ಅವರ ಮಗಳು ಸುಮೇರಾ ಅಪ್ಪನ ಸರಿಸಮ ದುಡಿಯುವುದನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಆದರೂ ಅವಳ ಕೈಯಲ್ಲಿ ಸ್ಪ್ಯಾನರ್ ಇರುವಾಗಲೇ ಬಂದವರು "ಸಾಬ್ರು ಇಲ್ವಾ?" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವಳ ಸಂಕಟ ಬೇರೆ. ಅಪ್ಪನೇ ಒಂದು ಇಂಜಿನ್ನನ್ನೂ ಪೂರ್ತಿ ಅವಳ ಕೈಗೆ ಬಿಟ್ಟಿರಲಿಲ್ಲ. ಬಿಚ್ಚಿ ತೊಳೆಯುವುದು ಅವಳು, ಮುಚ್ಚಿ ಬಿಗಿಯುವುದು ಅವರು.

ನಸರುಲ್ಲಾ ಕೆಲಸ ಕಲಿತದ್ದು ದಪ್ಪ ಉಕ್ಕಿನ ವರ್ಕ್‌ಶಾಪಿನಲ್ಲಿ. ಬೋಲ್ಟಿನ ತೂತು ಕಂಡರೆ ಸಾಕು, ಥ್ರೆಡ್ಡನ್ನು, ಅಂದರೆ ಒಳಗಿನ ತಿರುಪು ಗೆರೆಗಳನ್ನು, ಕೊರೆಯುವ ಟ್ಯಾಪ್ ಇಳಿಸುವುದು ಅಲ್ಲಿನ ರೂಢಿ. "ಟ್ಯಾಪ್ ಹಾಕದೆ ಬೋಲ್ಟ್ ಹಾಕೋದು, ಕೈ ತೊಳೀದೆ ಊಟಕ್ಕೆ ಕೂತಂಗೆ" ಎನ್ನುತ್ತಿದ್ದರು. ಹೋದ ತಿಂಗಳು ಒಂದು ಸ್ಕೂಟರಿನ ಅಲ್ಯೂಮಿನಿಯಂ ಇಂಜಿನ್ನಿಗೂ ಹಾಗೇ ಮಾಡಿದರು. ಬಿಗಿಯುವಾಗ ಥ್ರೆಡ್ಡೇ ಬೋಲ್ಟಿಗೆ ಸುತ್ತಿಕೊಂಡು ಕಿತ್ತು ಬಂತು. ಬೋಲ್ಟ್ ಡೂಪ್ಲಿಕೇಟ್ ಎಂದು ಬೈದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಆಮೇಲೆ ಹೊಳಲೂರಿನ ವೀರೇಂದ್ರ ತನ್ನ ಸ್ಕೂಲ್ ವ್ಯಾನನ್ನು ಎಳೆಸಿಕೊಂಡು ಬಂದ. ಇಂಜಿನ್ ಕಾದು ಮುಚ್ಚಳದಡಿಯ ಗ್ಯಾಸ್ಕೆಟ್ ಹೋಗಿತ್ತು. ಆ ಮುಚ್ಚಳ, ಅಂದರೆ ಹೆಡ್, ಎತ್ತಿದರೆ ಕೆಳಗಿನ ಬ್ಲಾಕಿನ ತೂತುಗಳಲ್ಲೆಲ್ಲ ಬೋಲ್ಟಿನ ತುಕ್ಕು, ಒಣಗಿದ ಜಿಡ್ಡು. ಹಾಗೇ ಬಿಗಿದರೆ ಬೋಲ್ಟ್ ಕೊಳೆಗೆ ಸಿಕ್ಕಿಕೊಂಡು ಬಿಗಿಯಾದಂತೆ ನಟಿಸುತ್ತದೆ, ಹೆಡ್ ಮಾತ್ರ ಸರಿಯಾಗಿ ಕೂರುವುದಿಲ್ಲ. ನಸರುಲ್ಲಾ ಟ್ಯಾಪ್ ಎತ್ತಿಕೊಂಡರು.

"ಬೇಡ ಅಬ್ಬಾ. ಇದೂ ಅಲ್ಯೂಮಿನಿಯಂ, ಮೆತ್ತನೇದು. ಟ್ಯಾಪು ಕೊಳೆ ಜೊತೆ ಥ್ರೆಡ್ಡನ್ನೂ ಕೆರೆದುಬಿಡುತ್ತೆ. ಆ ಸ್ಕೂಟರ್ ನೋಡಿದ್ರಲ್ಲ."

"ಅದು ಬೋಲ್ಟ್ ಖರಾಬಿತ್ತು."

"ಬೋಲ್ಟ್ ಸರಿಯಾಗೇ ಇತ್ತು. ನಿಮಗೂ ಗೊತ್ತು."

ಗಿರಾಕಿಯ ಎದುರೇ ಹೇಳಿಬಿಟ್ಟಳು. ನಾನೂ ಅಲ್ಲೇ ನಿಂತಿದ್ದೆ. ನಸರುಲ್ಲಾ ಟ್ಯಾಪನ್ನು ಬೆಂಚಿನ ಮೇಲೆ ಕುಕ್ಕಿದರು. "ಹಂಗಾದ್ರೆ ನೀನೇ ಮಾಡು. ಬ್ಲಾಕ್ ಹಾಳಾಯ್ತೋ, ನಾಳೆಯಿಂದ ಗ್ಯಾರೇಜಿನ ಕಡೆ ತಲೆ ಹಾಕಬೇಡ."

ಸುಮೇರಾ ಅದೇ ವ್ಯಾನಿನಿಂದ ಬಿಚ್ಚಿದ ಹಳೇ ಬೋಲ್ಟೊಂದನ್ನು ವೈಸಿಗೆ ಕಚ್ಚಿಸಿದಳು. ಗರಗಸದಿಂದ ಅದರ ಉದ್ದಕ್ಕೂ ಮೂರು ಗೀರು ಕೊಯ್ದು, ಅಂಚುಗಳನ್ನು ಅರದಿಂದ ನಯ ಮಾಡಿದಳು. ಎಣ್ಣೆ ಸವರಿ ಬೆರಳಲ್ಲೇ ತೂತಿಗೆ ತಿರುಗಿಸಿದಳು. ಬೋಲ್ಟ್ ಇದ್ದ ದಾರಿಯಲ್ಲೇ ಇಳಿಯಿತು, ಕೊಳೆ ಗೀರಿನೊಳಗೆ ತುಂಬಿಕೊಂಡಿತು. ತೆಗೆದು ಒರೆಸಿ ಮತ್ತೆ ಹಾಕಿದಳು. ತಡೆದ ಕಡೆ ಜೋರು ಮಾಡಲಿಲ್ಲ, ಹಿಂದಕ್ಕೆ ತಿರುಗಿಸಿ ಎಣ್ಣೆ ಇಳಿಯಲು ಕಾದಳು. ಎಷ್ಟು ತಾಳ್ಮೆ ಮಾರಾಯ, ನಾನಾಗಿದ್ದರೆ ಸುತ್ತಿಗೆ ಎತ್ತುತ್ತಿದ್ದೆ! ಒಂದೊಂದೇ ತೂತನ್ನು ಹೀಗೇ ಮುಗಿಸಿ ಕೊನೆಗೆ ಗಾಳಿ ಹೊಡೆದಳು. ತೂತುಗಳೊಳಗೆ ಥ್ರೆಡ್ ಬೆಳ್ಳಗೆ ಕಂಡಿತು.

ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಹೊಸ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಒಂದೊಂದಾಗಿ ಬಿಗಿದಳು. ಬಿಗಿ ಸಾಕಾದಾಗ ರೆಂಚು ಕಟ್ ಎನ್ನುತ್ತದೆ. ನಸರುಲ್ಲಾ ಬೆನ್ನು ತಿರುಗಿಸಿ ನಿಂತಿದ್ದರೂ ಕಿವಿ ಅಲ್ಲೇ ಇತ್ತು. ಕೊನೆಯ ಬೋಲ್ಟೂ ಕಟ್ ಎಂದಿತು. ಒಂದೂ ಜಾರಲಿಲ್ಲ.

ವೀರೇಂದ್ರನಿಗೆ ಇನ್ನೂ ಧೈರ್ಯವಿಲ್ಲ. "ಸಾಬ್ರೇ, ನೀವೂ ಒಂದ್ಸಲ ಬಿಗಿದು ನೋಡಿಬಿಡಿ."

ನಸರುಲ್ಲಾ ಹತ್ತಿರ ಬಂದು ಬಗ್ಗಿ ನೋಡಿದರು. ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು.

"ಬೇಡಪ್ಪ. ನಾನು ಮುಟ್ಟಿದ್ರೆ ಕೆಲಸ ನಂದಾಗಿಬಿಡುತ್ತೆ. ಇದು ಅವಳ್ದು."