ನನ್ನ ರಕ್ತ ಮೆಲ್ಬರ್ನಿಗೆ ಹೋದದ್ದು

ಆಗ ನನಗೆ ಎಪ್ಪತ್ತೊಂದು. ಇದಾಗಿ ನಾಲ್ಕು ವರ್ಷವಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಂಥವಳ ರಕ್ತವನ್ನು ದೊಡ್ಡ ದೊಡ್ಡ ಓದಿನವರು ಕಣ್ಣರಳಿಸಿ ನೋಡಿದ ಕಾಲವೊಂದಿತ್ತು. ಒಟ್ಟು ಏಳು ವಾರ ನಡೆಯಿತು ಆ ವೈಭವ.

ಮಗ ಸೊಸೆಯ ಜೊತೆ ಸಿಡ್ನಿಯ ಕೆಲ್ಲಿವಿಲ್‌ನಲ್ಲಿದ್ದೆ, ಈಗಲೂ ಇದ್ದೇನೆ. ಮೂರು ಮಂದಿಗೆ ನಾಲ್ಕು ಬಚ್ಚಲು. ಮಗ ನಾರ್ವೆಸ್ಟ್‌ನ ಆಫೀಸಿನಲ್ಲಿ ಕಂಪ್ಯೂಟರ್ ನೋಡುತ್ತಾನೆ, ಮನೆಗೆ ಬಂದು ಇನ್ನೊಂದು ಕಂಪ್ಯೂಟರ್ ನೋಡುತ್ತಾನೆ. ಸೊಸೆ ಮೈಸೂರಿನವಳು, ಓದಿದವಳು. ಎಷ್ಟು ಓದಿದ್ದಳೆಂದರೆ ಅವಳಿಗೆ ಕಾಯಂ ಕೆಲಸವೇ ಸಿಕ್ಕಿರಲಿಲ್ಲ. ರಕ್ತನಾಳದ ಒಳಗೋಡೆಗೆ ಬಿಳಿ ರಕ್ತಕಣ ಹೇಗೆ ಅಂಟಿಕೊಳ್ಳುತ್ತದೆ ಎಂಬುದು ಅವಳ ಸಂಶೋಧನೆ. ಹತ್ತು ವರ್ಷದಿಂದ ಆ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆಯ ಮೇಲಿನ ಹಲ್ಲಿಯನ್ನು ನಾನೂ ಜನ್ಮವಿಡೀ ನೋಡಿದ್ದೇನೆ, ಯಾರೂ ಸಂಬಳ ಕೊಡಲಿಲ್ಲ.

ಅವಳು ನನಗೆ ತಿಳಿಯುವಂತೆ ಹೇಳಿದ್ದು ಇಷ್ಟು. ಗಾಯವೋ ಸೋಂಕೋ ಆದ ಕಡೆ ರಕ್ತನಾಳದ ಗೋಡೆ ಕೆರಳುತ್ತದೆ. ಅದಕ್ಕೆ ಉರಿಯೂತ ಎನ್ನುತ್ತಾರೆ. ರಕ್ತದಲ್ಲಿ ಹರಿದು ಬರುವ ಬಿಳಿ ಕಣಗಳು ಅಲ್ಲಿ ನಿಧಾನವಾಗಿ ಉರುಳುತ್ತ ಗೋಡೆ ಹಿಡಿದು ನಿಲ್ಲುತ್ತವೆ, ಆಮೇಲೆ ಗೋಡೆ ದಾಟಿ ಹೋಗಿ ಹೊಡೆದಾಡುತ್ತವೆ. ಅಂಟದಿದ್ದರೆ ಗಾಯ ಮಾಯುವುದಿಲ್ಲ. ಅತಿಯಾಗಿ ಅಂಟಿದರೆ ಗೋಡೆಯೇ ಹಾಳಾಗುತ್ತದೆ. ವಯಸ್ಸಾದವರಲ್ಲಿ ಅತಿಯಾಗಿ ಅಂಟುತ್ತವೆ ಎಂಬುದು ಅವಳ ಅನುಮಾನ.

"ಮುದುಕರಿಗೆ ಅಂಟಿಕೊಳ್ಳೂ ಚಟ ಇದ್ದದ್ದ. ಅದಕ್ಕ ಪರೀಕ್ಷಾ ಯಾಕ ಬೇಕವಾ?" ಎಂದಿದ್ದೆ.

ನಕ್ಕಳು. ಆಗಿನ್ನೂ ನನ್ನ ಮಾತಿಗೆ ನಗುತ್ತಿದ್ದಳು.

ಪರೀಕ್ಷೆಗೆ ಎಪ್ಪತ್ತು ದಾಟಿದ, ಒಂದು ಔಷಧವನ್ನೂ ತೆಗೆದುಕೊಳ್ಳದ ಮುದುಕರ ರಕ್ತ ಬೇಕಿತ್ತು. ಈ ದೇಶದಲ್ಲಿ ಅಂಥವರನ್ನು ಹುಡುಕುವುದಕ್ಕಿಂತ ಬಂಗಾರದ ಗಣಿ ಹುಡುಕುವುದು ಸುಲಭ. ಇಲ್ಲಿನ ಮುದುಕರು ಏಳು ದಿನಕ್ಕೆ ಏಳು ಖಾನೆಯ ಡಬ್ಬಿಯಲ್ಲಿ ಗುಳಿಗೆ ಜೋಡಿಸಿಟ್ಟುಕೊಂಡು, ಅದನ್ನು ಕುಂಕುಮದ ಭರಣಿಯ ಹಾಗೆ ತೆರೆದು ತೆರೆದು ನೋಡುತ್ತಾರೆ. ಕಡೆಗೆ ಸೊಸೆ ಒಂದು ಭಾನುವಾರ ಊಟದ ಟೇಬಲ್ಲಿನ ಮೇಲೆ ಫಾರ್ಮ್ ಹರಡಿಕೊಂಡು ನನ್ನ ಎದುರು ಕೂತಳು.

"ಅತ್ತೆ, ನೀವು ದಿನಾ ಏನಾದ್ರೂ ಮೆಡಿಸಿನ್ ತಗೋತೀರಾ? ಬಿಪಿಗೆ, ಶುಗರ್‌ಗೆ?"

"ಏನೂ ಇಲ್ಲವಾ."

"ಪೇನ್ ಕಿಲ್ಲರ್? ವಿಟಮಿನ್?"

"ಗುಳಿಗಿ ನುಂಗೂ ಪೈಕಿ ಅಲ್ಲ ನಾ."

"ಕಷಾಯ, ಲೇಹ್ಯ, ಆ ಥರದ್ದು?"

"ಕಷಾಯ ಕುಡಿಯೂದು ನೀವು ಮೈಸೂರಿನವರು."

ಅವಳು ಒಂದು ಚೌಕದಲ್ಲಿ ಗೀಟು ಹಾಕಿ 'ಇಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಳು. ನಾನು ಕೆಳಗೆ ಸಹಿ ಮಾಡಿದೆ.

ನಾನು ಸುಳ್ಳು ಹೇಳಲಿಲ್ಲ. ಔಷಧವೆಂದರೆ ಗುಳಿಗೆ, ಇಲ್ಲವೇ ಬಾಟಲಿ. ಅದು ಬಚ್ಚಲ ಕಪಾಟಿನಲ್ಲಿರಬೇಕು. ನಾನು ತಿನ್ನುತ್ತಿದ್ದದ್ದು ಮೊಣಕಾಲಿನ ಪುಡಿ. ಧಾರವಾಡದಲ್ಲಿರುವ ನನ್ನ ತಂಗಿಗೆ ಯಾವುದೋ ಊರಿನ ವೈದ್ಯನೊಬ್ಬ ಕೊಟ್ಟ ಬೇರಿನ ಪುಡಿ. ಅದನ್ನು ತಿಂದು ಅವಳು ಕುಂಟುವುದನ್ನು ಬಿಟ್ಟು ಓಡಾಡುತ್ತಿದ್ದಳು. ಇತ್ತ ಬರುವವರ ಕೈಯಲ್ಲಿ ನನಗೂ ಕಳಿಸುತ್ತಿದ್ದಳು. ಸಿಡ್ನಿ ಏರ್‌ಪೋರ್ಟಿನಲ್ಲಿ ಚೀಲ ಬಿಚ್ಚಿಸಿ ನೂರೆಂಟು ಪ್ರಶ್ನೆ ಕೇಳುತ್ತಾರೆಂದು ಹೆದರಿ, ಅದರ ಮೇಲೆ 'ಅಗಸಿ ಚಟ್ನಿ' ಎಂದು ಚೀಟಿ ಹಚ್ಚಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಜೊತೆ ಇಡುತ್ತಿದ್ದಳು. ಬಣ್ಣವೂ ಅಗಸಿಯದೇ. ಹಾಗಾಗಿ ಅದು ನಮ್ಮ ಅಡುಗೆಮನೆಯಲ್ಲಿ ಚಟ್ನಿಪುಡಿಗಳ ಸಾಲಿನಲ್ಲೇ ನಿಂತಿತು. ಫಾರ್ಮಿಗೆ ಸಹಿ ಮಾಡುವ ಹೊತ್ತಿಗೆ ಆರು ತಿಂಗಳಿಂದ ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ತಿನ್ನುತ್ತಿದ್ದೆ. ಒಂದು ಸಲ ಮಗನೂ ಅದನ್ನು ಮೊಸರಿನಲ್ಲಿ ಕಲಸಿ ರೊಟ್ಟಿಗೆ ಹಚ್ಚಿಕೊಂಡು, "ಅವ್ವಾ, ಈ ಸಲ ಅಗಸಿ ಚಟ್ನಿಗೆ ಉಪ್ಪ ಹಾಕೂದ ಮರತಾಳೇನ ಚಿಗವ್ವ?" ಎಂದು ಕೇಳಿದ್ದ. ಉಪ್ಪು ಹಚ್ಚಿಕೊಂಡು ತಿಂದ. ಏನೂ ಆಗಲಿಲ್ಲ. ಇಂಥದ್ದನ್ನು ಔಷಧವೆಂದು ಯಾರು ಹೇಳುತ್ತಾರೆ?

ಲ್ಯಾಬಿನಲ್ಲಿ ಬೇರೆ ಹುಡುಗಿಯೊಬ್ಬಳು ನನ್ನ ರಕ್ತ ತೆಗೆದಳು. ಶೀಶೆಗೆ ಹೆಸರಿಲ್ಲ, ನಂಬರು ಮಾತ್ರ. ಆ ದಿನ ಬಂದ ಮುದುಕಿ ನಾನೊಬ್ಬಳೇ ಆದ್ದರಿಂದ ಆ ನಂಬರಿನ ಗುಟ್ಟು ಎಷ್ಟು ಗುಟ್ಟಾಗಿ ಉಳಿಯಬಹುದೋ ಅಷ್ಟು ಉಳಿಯಿತು.

ಎರಡು ದಿನ ಬಿಟ್ಟು ಸೊಸೆ ಕಂಪ್ಯೂಟರಿನಲ್ಲಿ ರಕ್ತದ ಸಿನಿಮಾ ತೋರಿಸಿದಳು. ಕೂದಲಿನಷ್ಟು ಸಣ್ಣ ಕಾಲುವೆ. ಅದರ ತಳಕ್ಕೆ ರಕ್ತನಾಳದ ಗೋಡೆಯ ಕಣಗಳನ್ನು ಬೆಳೆಸಿ, ಏನೋ ಹಾಕಿ ಕೆರಳಿಸಿ, ಮೇಲೆ ಬಿಳಿ ಕಣಗಳನ್ನು ಹರಿಸುತ್ತಾರೆ. ಮೊದಲು ಯಾರೋ ಬೇರೆ ಮುದುಕನದು ಹಾಕಿದಳು. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಬಸ್ಸಿನ ಪಕ್ಕ ಓಡಿ ಓಡಿ ಬಾಗಿಲಿನ ಸರಳು ಹಿಡಿದು ಜೋತುಬೀಳುವವರ ಹಾಗೆ, ಕಣಗಳು ಉರುಳಿ ಬಂದು ಗೋಡೆಗೆ ಗಪ್ಪನೆ ಹತ್ತಿ ಕೂತವು. ಆಮೇಲೆ ನನ್ನದು. ನನ್ನ ಕಣಗಳು ಗೋಡೆಯನ್ನು ಮುಟ್ಟಿದಂತೆ ಮಾಡಿ, ನಮಗೂ ನಿಮಗೂ ಸಂಬಂಧವಿಲ್ಲವೆಂದು ಸರ್ರನೆ ಹರಿದುಹೋದವು.

"ಯಾಕ, ಇವಕ್ಕ ಕೈ ಇಲ್ಲೇನ?" ಎಂದೆ.

"ಅತ್ತೆ, ಇಪ್ಪತ್ತು ವರ್ಷದವರದ್ದೂ ಹೀಗಿಲ್ಲ! ಮೂರು ಸಲ ರಿಪೀಟ್ ಮಾಡಿದ್ದೀನಿ. ನೀವು ಚಿಕ್ಕ ವಯಸ್ಸಿಂದ ಏನ್ ತಿಂತಿದ್ರಿ?"

"ಜ್ವಾಳದ ರೊಟ್ಟಿ. ಮತ್ತ ಅತ್ತಿಯ ಬೈಗಳಾ."

ಅವಳು ಜೋಳವನ್ನು ಮಾತ್ರ ಬರೆದುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ. ಅವಳ ಮೇಲಿನ ಸಾಹೇಬನಿಗೆ ಹುಚ್ಚು ಹಿಡಿಯಿತು. ಮತ್ತೆರಡು ಸಲ ರಕ್ತ ತೆಗೆದರು, ಎರಡೂ ಸಲ ಅದೇ ಫಲ. ಮೆಲ್ಬರ್ನಿನಲ್ಲಿ ಈ ವಿದ್ಯೆಯವರದ್ದೇ ಒಂದು ದೊಡ್ಡ ಸಭೆಯಿತ್ತು. ಸೊಸೆಯ ಕಾಂಟ್ರಾಕ್ಟ್ ವರ್ಷದ ಕೊನೆಗೆ ಮುಗಿಯುವುದಿತ್ತು, ಮುಂದೆ ಕೆಲಸ ಕೊಡಬಲ್ಲವರೆಲ್ಲ ಆ ಸಭೆಯಲ್ಲಿ ಇರುವವರಿದ್ದರು. ಅಲ್ಲಿ ನನ್ನ ರಕ್ತದ ಸಿನಿಮಾ ತೋರಿಸಿ, ಮುಪ್ಪಿನಲ್ಲೂ ಕೆಲವರ ರಕ್ತನಾಳ ಹೇಗೆ ಉಳಿಯುತ್ತದೆ ಎಂಬುದನ್ನು ಮುಂದಿನ ಸಂಶೋಧನೆ ಮಾಡುತ್ತೇನೆಂದು ಹೇಳುವುದು ಅವಳ ಲೆಕ್ಕ. ನಾನೇನು ಕಡಿಮೆಯೇ? ಹ್ಯಾರಿಸ್ ಪಾರ್ಕಿನ ನಮ್ಮವರ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಳ್ಳುವಾಗ ಸಾಲಿನಲ್ಲಿ ನಿಂತವರಿಗೆಲ್ಲ ನನ್ನ ರಕ್ತದ ಮಹಿಮೆ ಹೇಳಿದೆ. ಅಂಗಡಿಯವನು, "ಆಂಟಿ, ನಿಮ್ ಫೋಟೋ ಕೊಡಿ, ಹಿಟ್ಟಿನ ಪ್ಯಾಕೆಟ್ ಮೇಲೆ ಹಾಕಣ" ಎಂದ. ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ.

"ನಿಮ್ಮ ರಕ್ತದ ಬಗ್ಗೆ ಮಾತಾಡೋದು. ನೀವೂ ಬನ್ನಿ ಅತ್ತೆ," ಎಂದು ಸೊಸೆ ನನ್ನನ್ನೂ ಕರೆದುಕೊಂಡು ಹೊರಟಳು. ಸಭೆಯ ಹಿಂದಿನ ದಿನ ಮಧ್ಯಾಹ್ನ ಮೆಲ್ಬರ್ನ್ ಮುಟ್ಟಿದೆವು. ಸಿಡ್ನಿಯವರು ಮೆಲ್ಬರ್ನಿನ ಹವೆಯನ್ನು ಬೈಯುತ್ತಾರೆ, ಮೆಲ್ಬರ್ನಿನವರು ಸಿಡ್ನಿಯ ಮನೆಬಾಡಿಗೆಯನ್ನು ಬೈಯುತ್ತಾರೆ. ಇಬ್ಬರದೂ ಸರಿ. ಟ್ರಾಮ್ ಹತ್ತುವಾಗ ಕಂಬಕ್ಕೆ ನನ್ನ ಮುಂಗೈ ತಾಗಿತು. ತಾಗಿತು ಅಷ್ಟೇ, ಬಡಿಯಲಿಲ್ಲ.

ಹೋಟೆಲಿನ ಕೋಣೆಯಲ್ಲಿ ಚಹಾ ಕುಡಿದು ಸೊಸೆ ಮಾತಿನ ತಾಲೀಮು ಮಾಡತೊಡಗಿದಳು. ಕೇಳುವುದಕ್ಕೆ ನಾನೊಬ್ಬಳು. ಇಂಗ್ಲಿಷಿನಲ್ಲಿ ಒಂದು ಸಾಲು, ನನಗೆಂದು ಕನ್ನಡದಲ್ಲಿ ಒಂದು ಸಾಲು.

"ರಕ್ತ ಕೊಟ್ಟೋರು ಯಾರೂ ಯಾವ ಮೆಡಿಸಿನ್ನೂ ತಗೋತಿರ್ಲಿಲ್ಲ. ಅದು ಇಂಪಾರ್ಟೆಂಟ್ ಅತ್ತೆ, ಖಂಡಿತ ಕೇಳ್ತಾರೆ. ಸ್ಟಿರಾಯ್ಡ್ ತಗೊಂಡಿದ್ರೆ ಈ ಸೆಲ್ಸ್ ಅಂಟೋದೇ ಇಲ್ಲ."

"ಅದನ್ನ ತಗೊಂಡವರು ಹೆಂಗಿರ್ತಾರ?"

"ನೋವೆಲ್ಲ ಮಾಯ ಆಗಿ ಖುಷಿಯಾಗಿರ್ತಾರೆ. ಹಸಿವು ಜಾಸ್ತಿ. ಮುಖ ದುಂಡಗೆ ಊದ್ಕೊಳುತ್ತೆ. ಚರ್ಮ ತೆಳ್ಳಗಾಗಿ, ಸ್ವಲ್ಪ ತಾಗಿದ್ರೂ ನೀಲಿಗಟ್ಟುತ್ತೆ."

ನಾನು ಸ್ವೆಟರಿನ ತೋಳು ಸರಿಸಿ ನೋಡಿದೆ. ಟ್ರಾಮಿನ ಕಂಬ ತಾಗಿದ ಜಾಗದಲ್ಲಿ ನೇರಳೆಹಣ್ಣು ಅರೆದು ಹಚ್ಚಿದಂತಿತ್ತು. ತೋಳು ಇಳಿಸಿದೆ.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮರುದಿನ ಚಪ್ಪಾಳೆ ಬೀಳುತ್ತಿತ್ತು, ಅವಳ ಕೆಲಸ ಉಳಿಯುತ್ತಿತ್ತು, ನನ್ನ ಮೊಣಕಾಲೂ ನಡೆಯುತ್ತಿತ್ತು. ಹೇಳಿದ್ದು ಸೊಸೆಯ ಮೇಲಿನ ಅಂತಃಕರಣದಿಂದ ಎಂದು ಯಾರೂ ಕಣ್ಣೊರೆಸಿಕೊಳ್ಳಬೇಡಿ. ಏನೂ ಮಾಡದ ಜೋಳಕ್ಕೆ ಕೀರ್ತಿ, ಎಲ್ಲ ಮಾಡಿದ ಪುಡಿಗೆ ಮುಸುಕು, ಅದರ ಕೆಳಗೆ ನನ್ನ ಸಹಿ. ಅದು ನನಗೆ ಆಗಿಬರಲಿಲ್ಲ.

"ಅದು ಪುಡಿಯಾಗೂ ಇರತೈತೇನವಾ?" ಎಂದೆ.

"ಯಾವುದು?"

"ನೀ ಹೇಳಿದ್ದು. ಸ್ಟಿರಾಯ್ಡು."

ನಾನು ಕೈಚೀಲದಿಂದ ಅಗಸಿ ಚಟ್ನಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ತೋಳು ಸರಿಸಿದೆ. ಅವಳು ನನ್ನ ಮುಂಗೈ ನೋಡಿದಳು, ಡಬ್ಬಿ ನೋಡಿದಳು, ಕಡೆಗೆ ಮುಖ ನೋಡಿದಳು.

"ಎಷ್ಟು ದಿನದಿಂದ?"

"ಎಂಟ ತಿಂಗಳಾತು. ಮೂರ ದಿನದಾಗ ನೋವ ಹೋತು ನೋಡು. ಒಂದ ರೊಟ್ಟಿ ತಿನ್ನಾಕಿ ಮೂರ ತಿನ್ನಾಕತ್ತೇನಿ."

"ಅತ್ತೆ! ಮೆಡಿಸಿನ್ ಏನಾದ್ರೂ ತಗೋತೀರಾ ಅಂತ ಕೇಳಿದ್ನಲ್ಲ!"

"ಇದು ಅಡಗೀಮನ್ಯಾಗಿನ ಡಬ್ಬಿ. ನೀ ದಿನಾ ಇದರ ಬಾಜೂಕಿನ ಉಪ್ಪಿನ ಡಬ್ಬಿ ತಗೀತಿದ್ದಿ. ನಿನ್ನ ಗಂಡ ಇದನ್ನ ರೊಟ್ಟಿಗೆ ಹಚಗೊಂಡ ತಿಂದಾನ."

ಅವಳು ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ನೀವು ದಪ್ಪ ಆದಾಗ ಆಸ್ಟ್ರೇಲಿಯಾ ಹಿಡಿಸಿದೆ ಅಂತ ಖುಷಿಪಟ್ಟೆ," ಎಂದಳು. "ದಿನಾ ಎದುರಿಗೆ ಕೂತು ಊಟ ಮಾಡಿದೀನಿ. ಆ ಮುಖ ನೋಡಿ ಗೊತ್ತಾಗಬೇಕಿತ್ತು. ಹತ್ತು ವರ್ಷ ಇದನ್ನೇ ಓದಿದೀನಿ."

"ನೀ ನನ್ನ ರಕ್ತ ನೋಡತಿದ್ದಿ. ಮಾರಿ ಎಲ್ಲಿ ನೋಡಿದಿ?"

ಆ ಮಾತು ಬೇಕಿರಲಿಲ್ಲ. ಆದರೆ ಆಡಿಯಾಗಿತ್ತು.

ಅವಳು ಎದ್ದು ಸಾಹೇಬನಿಗೆ ಫೋನ್ ಮಾಡಿದಳು. ಇಂಗ್ಲಿಷ್ ನನಗೆ ಬಾರದು, ಆದರೆ ಬೈಸಿಕೊಳ್ಳುವವರ ದನಿ ಎಲ್ಲ ಭಾಷೆಯಲ್ಲೂ ಒಂದೇ. ಪುಡಿಯಲ್ಲಿ ಏನಿದೆ ಎಂದು ಪರೀಕ್ಷೆ ಮಾಡದೆ ಹೇಳುವ ಹಾಗಿಲ್ಲ, ಸದ್ಯ ಸಿನಿಮಾ ತೋರಿಸಿಬಿಡಿ, ಉಳಿದದ್ದು ಆಮೇಲೆ ನೋಡೋಣ ಎಂದನಂತೆ ಆ ಪುಣ್ಯಾತ್ಮ. ಸೊಸೆ ಆಗುವುದಿಲ್ಲ ಎಂದಳು. ನನ್ನ ಎದುರಿಗೇ ಕಂಪ್ಯೂಟರಿನಿಂದ ನನ್ನ ಸಿನಿಮಾ ಅಳಿಸಿದಳು. ಅದರ ಬೆನ್ನಿಗೆ ಮುಂದಿನ ಸಂಶೋಧನೆಯ ನಾಲ್ಕು ಪುಟವೂ ಹೋಯಿತು. ಕೆಲಸ ಕೊಡಿಸಬೇಕಿದ್ದ ಪುಟಗಳು ಅವೇ. ಮರುದಿನದ ಮಾತಿಗೆ ಬೇರೆ ಮುದುಕರ ಪುಟಗಳಷ್ಟೇ ಉಳಿದವು. (ಪುಡಿಯಲ್ಲಿ ಬೇರು ಕಡಿಮೆ, ಸ್ಟಿರಾಯ್ಡ್ ಹೆಚ್ಚು ಇತ್ತೆಂದು ಆಮೇಲೆ ಪರೀಕ್ಷೆಯಲ್ಲಿ ಗೊತ್ತಾಯಿತು. ತಂಗಿಗೆ ಹೇಳಿದರೆ, "ಹಂಗಾರ ಖರೇನ ಚಲೋ ವೈದ್ಯ" ಎಂದಳು.)

ಆಮೇಲೆ ಅವಳು ಒಬ್ಬ ಡಾಕ್ಟರಿಗೆ ಫೋನ್ ಹಚ್ಚಿ ನನ್ನ ವಿಷಯ ಕೇಳಿದಳು. ನಾನು ಡಬ್ಬಿ ಎತ್ತಿಕೊಂಡು ಬಚ್ಚಲಿಗೆ ಸುರಿಯಲು ಎದ್ದೆ.

"ಅಯ್ಯೋ, ಬೇಡ! ಒಂದೇ ಸಲಕ್ಕೆ ಬಿಟ್ರೆ ಬಿದ್ದುಹೋಗ್ತೀರ. ಮೈ ಅದಕ್ಕೆ ಒಗ್ಗಿಬಿಟ್ಟಿದೆ. ನಿಧಾನಕ್ಕೆ ಕಮ್ಮಿ ಮಾಡಬೇಕು. ಡಾಕ್ಟರ್ ನೋಡೋವರೆಗೂ ಇದನ್ನೇ ತಿನ್ನಿ."

"ಅಂದ್ರ ನೀ ಕೈಯಾರೆ ಕೊಡಾಕಿ ಈಗ?"

"ಹೂಂ, ಅತ್ತೆ. ಅಳೆದು ಕೊಡ್ತೀನಿ," ಎಂದಳು. ನಗಲಿಲ್ಲ. ನನಗೂ ನಗಿಸುವ ಮನಸ್ಸಿರಲಿಲ್ಲ. "ಫಾರ್ಮಲ್ಲಿ ಇಲ್ಲ ಅಂತ ಬರೆದಿದ್ದು ನಾನು. ಎಲ್ಲರೂ ಅದನ್ನೇ ಕೇಳ್ತಾರೆ. ಅತ್ತೆ ಹೇಳಿದ್ದು ಒಂದು, ಸೊಸೆ ಬರೆದಿದ್ದು ಇನ್ನೊಂದು ಅಂತಾರೆ."

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಹೋಟೆಲಿನ ಕಾಗದ, ಪೆನ್ಸಿಲ್ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತೆ. ಬರೆದು ಬಹಳ ವರ್ಷವಾಗಿತ್ತು, ಅಕ್ಷರ ಒಂದೊಂದೂ ಕಡಬಿನಷ್ಟು ದಪ್ಪ ಬಿದ್ದವು. 'ನನ್ನನ್ನು ಸೊಸೆ ಸರಿಯಾಗಿ ಕೇಳಿದ್ದಳು. ನಾನು ಮೊಣಕಾಲಿನ ಪುಡಿ ಎಂಟು ತಿಂಗಳು ದಿನಕ್ಕೆ ಎರಡು ಚಮಚ ತಿಂದಿದ್ದೇನೆ. ಹೇಳಲಿಲ್ಲ. ತಪ್ಪು ನನ್ನದು.' ಕೆಳಗೆ ನನ್ನ ಹೆಸರು, ಗಂಡನ ಹೆಸರು, ಊರು ಬರೆದೆ. ಅದನ್ನು ಅವಳ ಕಂಪ್ಯೂಟರಿನ ಮಡಿಕೆಯಲ್ಲಿಟ್ಟು, ಅವಳು ಹೊರಬಂದ ಮೇಲೆ ಅಳೆದುಕೊಟ್ಟ ಪುಡಿಯನ್ನು ಬಿಸಿನೀರಿನಲ್ಲಿ ನುಂಗಿ, ಸೀರೆ ಉಟ್ಟುಕೊಂಡು ಅವಳ ಹಿಂದೆ ಸಭೆಗೆ ಹೊರಟೆ.