ಬಲಕ್ಕೆ ಹೊರಳಿದ ಜಡೆ

ಅಥವಾ ಆ ಉಲ್ಲನ್ ಹಸಿರು ಬಣ್ಣದ್ದೇ ಅಲ್ಲವೇನೋ. ಹಸಿರು ಎಂದು ಈಗಾಗಲೇ ನಾಲ್ಕಾರು ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ಹಸಿರೇ ಆಗಿಬಿಟ್ಟಿದೆ. ನಂದಿನಿಯನ್ನು ಕೇಳಿದರೆ, "ಅಂಕಲ್, ಅದು ಗ್ರೇ. ಹಸಿರು ಬಣ್ಣ ನಾನು ಹಾಕೋದೇ ಇಲ್ಲ" ಎನ್ನುತ್ತಾಳೆ. ಸ್ವೆಟರ್ ಅವಳದು, ಆದ್ದರಿಂದ ಮಾತೂ ಅವಳದೇ ಸರಿಯಿರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಹಸಿರು. ಓದುವ ನೀವು ನಿಮಗೆ ಒಪ್ಪುವ ಬಣ್ಣವನ್ನು ಇಟ್ಟುಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಅದರ ಬೆನ್ನಿನಲ್ಲಿ ಒಂದು ಜಡೆ ತಪ್ಪಾಗಿ ಹೊರಳಿತ್ತು ಎಂಬುದನ್ನು ಮಾತ್ರ ಬಿಟ್ಟುಕೊಡಲಾರೆ. ಅದನ್ನು ಕಂಡುಹಿಡಿದವನು ನಾನು. ಕಂಡುಹಿಡಿದು, ಗಟ್ಟಿಯಾಗಿ ಹೇಳಿ, ಒಂದು ಶನಿವಾರವನ್ನು ಹಾಳುಮಾಡಿದವನೂ ನಾನೇ.

ನಾನು ಸ್ವೆಟರ್ ಹೆಣೆಯುತ್ತೇನೆ. ಈ ಮಾತನ್ನು ಹೇಳಿದ ಮೇಲೆ ಗಂಡಸರು ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ "ಒಳ್ಳೇದು, ಟೈಮ್ ಪಾಸ್ ಆಗುತ್ತೆ" ಎನ್ನುತ್ತಾರೆ. ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆಯ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಆ ಮೂವತ್ತು ವರ್ಷಗಳಲ್ಲಿ ನನ್ನ ಕೈಯಾರೆ ಒಂದೇ ಒಂದು ವಸ್ತುವನ್ನು ಮಾಡಲಿಲ್ಲ. ನಿವೃತ್ತಿಯ ನಂತರ ಬೆರಳುಗಳು ಬಿಗಿದುಕೊಂಡವು. ವೈದ್ಯರು ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕುತ್ತಿರಿ ಎಂದರು. ಮನೆಯಲ್ಲಿ ದಿನವಿಡೀ ಚೆಂಡು ಹಿಸುಕುವ ಗಂಡನನ್ನು ನೋಡಲಾರದೆ ನನ್ನ ಹೆಂಡತಿ ತನ್ನ ಹಳೆಯ ಹೆಣಿಗೆ ಕಡ್ಡಿಗಳನ್ನು ಕೈಗಿತ್ತಳು. ನನ್ನ ಮೊದಲ ಮಫ್ಲರ್ ಎಷ್ಟು ಬಿಗಿಯಾಗಿತ್ತೆಂದರೆ ಅದನ್ನು ನೆಲಕ್ಕೂರಿ ನಿಲ್ಲಿಸಬಹುದಾಗಿತ್ತು. ಹೆಂಡತಿಯೇ ನನ್ನನ್ನು ಕೆಂಪಾಪುರದ ಸರೋಜಮ್ಮನವರ ಮನೆಗೆ ಕಳಿಸಿದಳು.

ಸರೋಜಮ್ಮನವರ ಮನೆಯ ಮುಂದೆ ಕಾರಿಲ್ಲದ ಒಂದು ಕಾರ್ ಶೆಡ್ ಇದೆ. ಶನಿವಾರ ನಾಲ್ಕು ಗಂಟೆಗೆ ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕುತ್ತಾರೆ. ನಾವು ನಾಲ್ವರು ತಪ್ಪದೆ ಬರುವವರು. ಸರೋಜಮ್ಮ ನಮಗೆಲ್ಲ ಗುರು, ಎಪ್ಪತ್ತು ದಾಟಿದ್ದಾರೆ. ಆರ್.ಟಿ. ನಗರದ ನೂರ್ ಆಪಾ ಹೊಲಿಗೆಯವರು. ಮದುವೆಯ ಬ್ಲೌಸುಗಳನ್ನು ಹೊಲಿದು ಉಳಿದ ತುಂಡುಗಳನ್ನೆಲ್ಲ ಸೇರಿಸಿ ಕೌದಿ ಮಾಡುತ್ತಾರೆ, ಹೆಣಿಗೆಯಲ್ಲಿ ಸಾದಾ ಸಾಲು ಮಾತ್ರ ಅವರಿಗೆ ಬರುವುದು. ತಣಿಸಂದ್ರದ ನಂದಿನಿ ಆಫೀಸಿನ ಎ.ಸಿ.ಗೆ ಹೆದರಿ ತನಗೆ ತಾನೇ ಸ್ವೆಟರ್ ಹೆಣೆದುಕೊಳ್ಳಲು ಹೊರಟವಳು. ನಾಲ್ಕನೆಯವನು ನಾನು. ಅಲ್ಲಿಗೆ ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಹೆಣೆಯುತ್ತಿದ್ದೆ. ಒಮ್ಮೆ ಕಂಡಕ್ಟರ್ ನನ್ನ ಕೈಯಲ್ಲಿದ್ದುದನ್ನು ನೋಡಿ, "ಇಳಿಯೋಷ್ಟರಲ್ಲಿ ಮುಗ್ದೋಗುತ್ತೆ ಬಿಡಿ ಸಾರ್" ಎಂದಿದ್ದ.

ಆ ಶೆಡ್ಡಿನಲ್ಲಿ ಕೆಲವು ರೂಢಿಗಳಿವೆ. ಮಾಡಿದ್ದನ್ನು ತೋರಿಸುವಾಗ ಮೊದಲು ಒಳಮೈ ತೋರಿಸಬೇಕು. ಹೊರಮೈ ಎಲ್ಲರಿಗೂ ಚೆನ್ನಾಗಿಯೇ ಬರುತ್ತದೆ. ಗಂಟುಗಳು, ಜೋಡಣೆಗಳು, ಅವಸರ, ಎಲ್ಲವೂ ಇರುವುದು ಹಿಂದೆ. ನೂರ್ ಆಪಾ ಒಂದು ಕೌದಿಯನ್ನು ತಂದು ಮಗುಚಿ ಹಾಸಿದರೆ ನಾವು ಅದರ ಬೆನ್ನನ್ನು ನೋಡಿ ಹುಬ್ಬೇರಿಸುತ್ತೇವೆ. ಎರಡನೆಯ ರೂಢಿ, ತಪ್ಪು ಕಂಡರೆ ಬಾಯಿಬಿಡಬಾರದು. ಆ ಜಾಗದಲ್ಲಿ ಬೇರೆ ಬಣ್ಣದ ಒಂದು ತುಂಡು ನೂಲನ್ನು ಸಡಿಲವಾಗಿ ಕಟ್ಟಿ ಮುಂದಿನವರಿಗೆ ದಾಟಿಸಬೇಕು. ಮಾಡಿದವರು ಮನೆಗೆ ಹೋಗಿ ನೂಲು ನೋಡಿ ತಾವೇ ತಿದ್ದಿಕೊಳ್ಳುತ್ತಾರೆ. ಮೂರನೆಯದು ಮುಯ್ಯಿ. ಹೊಲದಲ್ಲಿ ಒಬ್ಬರ ನಾಟಿಗೆ ಇನ್ನೊಬ್ಬರು ಹೋಗಿ, ಅವರ ನಾಟಿಗೆ ಇವರು ಬರುವ ಆ ಹಳೆಯ ಏರ್ಪಾಡು ಶೆಡ್ಡಿಗೆ ಹೇಗೆ ಬಂತೋ ತಿಳಿಯದು. ಯಾರಾದರೂ ಕೆಲಸದಲ್ಲಿ ಸಿಕ್ಕಿಹಾಕಿಕೊಂಡರೆ ಉಳಿದವರು ಸರದಿಯ ಮೇಲೆ ತಲಾ ನಾಲ್ಕು ಸಾಲು ಹೆಣೆದು ಕೊಡುತ್ತಾರೆ.

ಇಲ್ಲೊಂದು ವಿಚಿತ್ರವಿದೆ. ಕಡ್ಡಿ ಅದೇ, ಉಲ್ಲನ್ ಅದೇ, ಕಡ್ಡಿಯ ಮೇಲಿನ ಕುಣಿಕೆಗಳ ಸಂಖ್ಯೆಯೂ ಅದೇ. ಆದರೆ ಕೈ ಬದಲಾದೊಡನೆ ಬಟ್ಟೆ ಬದಲಾಗುತ್ತದೆ. ನನ್ನ ನಾಲ್ಕು ಸಾಲು ನಡುಪಟ್ಟಿ ಬಿಗಿದಂತೆ ಒಳಕ್ಕೆ ಸರಿಯುತ್ತವೆ. ಸರೋಜಮ್ಮನವರ ಸಾಲುಗಳು ಊಟವಾದ ಮೇಲೆ ಕಾಲು ಚಾಚಿದವರಂತೆ ಸುಖವಾಗಿ ಹರಡಿಕೊಳ್ಳುತ್ತವೆ. ಅಕ್ಷರಗಳನ್ನು ನೋಡಿ ಬರೆದವರನ್ನು ಗುರುತಿಸುವ ಹಾಗೆ ಸಾಲುಗಳನ್ನು ನೋಡಿ ಹೆಣೆದವರನ್ನು ಗುರುತಿಸಬಹುದು. ಮಡಕೆ ಚೂರುಗಳಿಂದ ಸಾವಿರಾರು ವರ್ಷಗಳ ಹಿಂದಿನವರ ಊಟವನ್ನು ಲೆಕ್ಕಹಾಕುವ ಪಂಡಿತರು ಬಟ್ಟೆಯ ವಿಷಯಕ್ಕೆ ಬಂದರೆ ಕೈಚೆಲ್ಲುತ್ತಾರೆ; ಬಟ್ಟೆ ಮಣ್ಣಲ್ಲಿ ಉಳಿಯುವುದಿಲ್ಲ. ಹೆಣಿಗೆಯಂತೂ ಮಣ್ಣಿಗೆ ಹೋಗುವವರೆಗೂ ಕಾಯುವುದಿಲ್ಲ. ತುದಿ ಹಿಡಿದು ಎಳೆದರೆ ಸ್ವೆಟರ್ ಪೂರ್ತಿ ಒಂದೇ ದಾರವಾಗಿ ಕಾಲ ಬುಡದಲ್ಲಿ ಬೀಳುತ್ತದೆ. ನೆನಪೂ ಹಾಗೆಯೇ ಎಂದು ಇಲ್ಲಿ ಬರೆಯಲು ಕೈ ತುಡಿಯುತ್ತಿದೆ. ಬರೆಯುವುದಿಲ್ಲ. ಅಷ್ಟು ನೀಟಾಗಿ ಕೂರುವ ಮಾತನ್ನು ಕಂಡರೆ ನನಗೆ ಗುಮಾನಿ.

ನಂದಿನಿಗೆ ಆಫೀಸಿನಲ್ಲಿ ಕೆಲಸ ಹೆಚ್ಚಾಗಿ ಸ್ವೆಟರ್ ಅರ್ಧಕ್ಕೆ ನಿಂತಿತು. ಮುಯ್ಯಿ ಶುರುವಾಯಿತು. ಬೆನ್ನಿನ ಭಾಗದ ಉದ್ದಕ್ಕೂ ಒಂದು ಜಡೆ, ಅಂದರೆ ಹೆಣೆದ ಕೂದಲಿನಂತೆ ಉಬ್ಬಿ ಹೊರಳುವ ವಿನ್ಯಾಸ. ಜಡೆ ಬರಬೇಕಾದರೆ ಮೂರು ಕುಣಿಕೆಗಳನ್ನು ಒಂದು ಗಿಡ್ಡ ಕಡ್ಡಿಗೆ ದಾಟಿಸಿ ಮುಂದೆ ಹಿಡಿದುಕೊಂಡು, ಪಕ್ಕದ ಮೂರನ್ನು ಮೊದಲು ಹೆಣೆಯಬೇಕು. ಆಗ ಜಡೆ ಎಡಕ್ಕೆ ಹೊರಳುತ್ತದೆ. ಮರೆತು ಗಿಡ್ಡ ಕಡ್ಡಿಯನ್ನು ಹಿಂದೆ ಹಿಡಿದರೆ ಬಲಕ್ಕೆ ಹೊರಳುತ್ತದೆ. ಆ ಒಂದು ಸಾಲನ್ನು ಹೆಣೆಯಲು ನಮ್ಮಲ್ಲಿ ಬರುತ್ತಿದ್ದುದು ಇಬ್ಬರಿಗೇ: ಸರೋಜಮ್ಮನವರಿಗೆ ಮತ್ತು ನನಗೆ.

ಬೆನ್ನಿನ ಭಾಗ ಮುಗಿದ ಶನಿವಾರ ಅದು ಕೈಯಿಂದ ಕೈಗೆ ದಾಟುತ್ತಾ ನನ್ನ ಹತ್ತಿರ ಬಂತು. ಸಾಲಾಗಿ ಎಡಕ್ಕೆ ಹೊರಳುತ್ತಿದ್ದ ಜಡೆ ನಡುವೆ ಒಂದು ಕಡೆ ಬಲಕ್ಕೆ ಹೊರಳಿತ್ತು. ನನ್ನೊಳಗಿನ ತಪಾಸಕ ಎದ್ದು ಕುಳಿತ. ನೂಲು ಕಟ್ಟಬೇಕಿತ್ತು. ಬದಲಿಗೆ, "ಇಲ್ಲಿ ನೋಡಿ, ಜಡೆ ಉಲ್ಟಾ ಆಗಿದೆ!" ಎಂದು ಕೂಗಿದೆ. ಆ ದನಿಯಲ್ಲಿ ಸಂತೋಷವಿತ್ತು ಎಂದು ನೂರ್ ಆಪಾ ಆಮೇಲೆ ಹೇಳಿದರು. ಇರಲಿಲ್ಲ ಎಂದು ನಾನು ವಾದಿಸಿದೆ. ಇತ್ತು ಅಂತಲೇ ಕಾಣುತ್ತದೆ.

"ನಂದಲ್ಲಪ್ಪ! ಜಡೆ ಸಾಲು ನಾನು ಮುಟ್ಟೇ ಇಲ್ಲ," ಎಂದಳು ನಂದಿನಿ.

"ನಂಗೆ ಸೀದಾ ಬಿಟ್ರೆ ಏನೂ ಬರಲ್ಲ ಭಾಯಿಸಾಬ್," ಎಂದರು ನೂರ್ ಆಪಾ.

ಉಳಿದವರು ಇಬ್ಬರು. ಅವರಲ್ಲಿ ಒಬ್ಬ ಮೂವತ್ತು ವರ್ಷ ತಪ್ಪು ಹುಡುಕಿದವನು. ಅಂಥವನು ತಪ್ಪು ಮಾಡುವುದುಂಟೇ ಎಂಬಂತೆ ಎಲ್ಲರೂ, ನಾನೂ ಸೇರಿ, ಸರೋಜಮ್ಮನವರತ್ತ ನೋಡಿದೆವು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನಂದೇ ಇರ್ಬೇಕು. ಕಣ್ಣಿಗೆ ಪೊರೆ ಬಂದಿದೆ ಅಂದಿದಾರೆ ಡಾಕ್ಟ್ರು. ಯಾರಿಗೂ ಹೇಳಿರ್ಲಿಲ್ಲ."

"ಬಿಡಿ ಆಂಟಿ, ಬೆನ್ನ ಮೇಲಿರೋದು. ನಂಗಂತೂ ಕಾಣಲ್ಲ," ಎಂದಳು ನಂದಿನಿ.

ಯಾರೂ ನಗಲಿಲ್ಲ. ಅಥವಾ ನಾನು ನಕ್ಕೆನೋ? ನಕ್ಕಿರದಿದ್ದರೆ ಸಾಕು.

ಮುಂದಿನ ಶನಿವಾರ ಸರೋಜಮ್ಮ ತಮ್ಮ ಕುರ್ಚಿಯಲ್ಲಿ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದರು. ಕಡ್ಡಿಗಳೆಲ್ಲಿ ಎಂದರೆ, "ನಂದಿನಿಗೆ ಕೊಟ್ಬಿಟ್ಟೆ. ಸಾಕು ಇನ್ನು. ನೀವು ಹೆಣೀರಿ, ನಾನು ನೋಡ್ತೀನಿ" ಎಂದರು. ಕಣ್ಣು ಸರಿಯಿಲ್ಲ ಎಂದು ಹೆಣಿಗೆ ಬಿಟ್ಟವರು ಈಗ ನೋಡುತ್ತೇನೆ ಎನ್ನುತ್ತಿದ್ದರು. ಅದರ ಮುಂದಿನ ವಾರವೂ ಹುರುಳಿಕಾಯಿ. ಶೆಡ್ಡಿನಲ್ಲಿ ಮಾತು ಕಡಿಮೆಯಾಯಿತು. ನೂರ್ ಆಪಾ ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದು ಕೇಳಿದರು: "ಭಾಯಿಸಾಬ್, ಆ ಜಡೆ ನಿಮ್ದಲ್ಲ ಅಂತ ನಿಮ್ಗೆ ಹೆಂಗ್ ಗೊತ್ತು?"

ಹೇಗೆ ಗೊತ್ತು? ಗೊತ್ತಿರಲಿಲ್ಲ. ನನ್ನನ್ನೇ ನಾನು ಕೇಳಿಕೊಂಡಿರಲೂ ಇಲ್ಲ. ಅಲ್ಲೇ ನಿಂತು ತೀರ್ಮಾನಿಸಿದೆ: ಸರೋಜಮ್ಮನವರ ಕೈಗೆ ಕಡ್ಡಿ ವಾಪಸು ಬರಲೇಬೇಕು. ಅದಕ್ಕೆ ಆ ತಪ್ಪು ನನ್ನದಾಗಬೇಕಿದ್ದರೆ ನನ್ನದಾಗಲಿ. ಆದರೆ ಸುಮ್ಮನೆ ಹೇಳಿದರೆ ನಂಬುವವರಲ್ಲ ಅವರು. ಪುರಾವೆ ಬೇಕು. ನಂದಿನಿಯಿಂದ ಬೆನ್ನಿನ ಭಾಗವನ್ನು ಕೇಳಿ ಪಡೆದು ಮನೆಗೆ ತಂದೆ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಉಕ್ಕಿನ ಅಳತೆಪಟ್ಟಿ ಮತ್ತು ಭೂತಗನ್ನಡಿ ಇಟ್ಟುಕೊಂಡು ಕುಳಿತೆ. ಕೆಲಸ ಬಹಳ ಸುಲಭ. ತಪ್ಪಿದ ಸಾಲಿನ ಸುತ್ತ ಹತ್ತು ಕುಣಿಕೆಗಳ ಅಗಲ ಅಳೆಯುವುದು. ಬಿಗಿಯಾಗಿದ್ದರೆ ನಾನು, ಸಡಿಲವಾಗಿದ್ದರೆ ಅವರು. ಐದು ನಿಮಿಷದ ಕೆಲಸ. ಪಟ್ಟಿಯನ್ನು ಕೈಗೆತ್ತಿಕೊಂಡೆ. ಆಗ ಹೊಳೆಯಿತು: ಸಡಿಲವಾಗಿದ್ದರೆ? ಗೊತ್ತಾದ ಮೇಲೆ ನಾನು ಹೋಗಿ ಸುಳ್ಳು ಹೇಳಬೇಕು. ಮೂವತ್ತು ವರ್ಷ ಸರಿಯಾದ ಅಂಕಿಗಳನ್ನೇ ಬರೆದ ಕೈ ಇದು. ನನ್ನ ಮುಖ ಸುಳ್ಳನ್ನು ಹೊರುವ ಮುಖವಲ್ಲ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ.

ಗೊತ್ತೇ ಆಗದಿದ್ದರೆ ಅದು ಸುಳ್ಳಾಗುವುದಿಲ್ಲ. ಪಟ್ಟಿಯನ್ನು ಡ್ರಾಯರಿನಲ್ಲಿಟ್ಟೆ. ಬೆಚ್ಚಗಿನ ನೀರಿಗೆ ಒಂದಿಷ್ಟು ಶಾಂಪೂ ಹಾಕಿ ಬೆನ್ನಿನ ಭಾಗವನ್ನು ಮುಳುಗಿಸಿದೆ.

"ಏನ್ರೀ ಇದು, ಒಂದು ಕರ್ಚೀಫ್ ಒಗೆದವರಲ್ಲ ನೀವು!" ಎಂದಳು ಹೆಂಡತಿ.

ಉಣ್ಣೆಯ ಗುಣ ನೇಯುವವರಿಗೂ ಹೆಣೆಯುವವರಿಗೂ ಗೊತ್ತು. ನೀರು ಕುಡಿದಾಗ ಕುಣಿಕೆಗಳು ತಮ್ಮ ಹಟ ಬಿಡುತ್ತವೆ. ಬಿಗಿಯಾದವು ಸಡಿಲಾಗಿ, ಸಡಿಲಾದವು ಕೂಡಿಕೊಂಡು, ಟವೆಲ್ಲಿನ ಮೇಲೆ ಸಮನಾಗಿ ಹರಡಿ ಒಣಗಿಸಿದರೆ ನಾಲ್ಕು ಕೈಗಳು ಹೋಗಿ ಒಂದೇ ಬಟ್ಟೆ ಉಳಿಯುತ್ತದೆ. ತಾರಸಿಯ ನೆರಳಿನಲ್ಲಿ ಅಂಚಿಗೆಲ್ಲ ಗುಂಡುಸೂಜಿ ಚುಚ್ಚಿ ಹರಡಿದೆ. ಯಲಹಂಕದ ಕಡೆಯಿಂದ ಒಂದು ವಿಮಾನ ಗರ್ಜಿಸುತ್ತಾ ಹೋಯಿತು. ಸಂಜೆಯ ಹೊತ್ತಿಗೆ ಇನ್ನು ಯಾವ ಅಳತೆಪಟ್ಟಿಗೂ ಏನೂ ಸಿಗುತ್ತಿರಲಿಲ್ಲ. ಜಡೆ ಮಾತ್ರ ಬಲಕ್ಕೇ ಇತ್ತು.

ಶನಿವಾರದವರೆಗೆ ಕಾಯದೆ ಕೆಂಪಾಪುರಕ್ಕೆ ಹೋದೆ. ಸರೋಜಮ್ಮ ಒಬ್ಬರೇ ಇದ್ದರು. ಕೂರುವ ಮೊದಲೇ ಹೇಳಿದೆ: "ಆ ಜಡೆ ತಪ್ಪು ಹೆಣೆದಿದ್ದು ನಾನು."

"ಯಾವಾಗ?"

ಈ ಪ್ರಶ್ನೆಗೆ ಉತ್ತರ ಸಿದ್ಧವಿತ್ತು. "ನೂರ್ ಆಪಾ ಕೋಡುಬಳೆ ತಂದಿದ್ದ ದಿನ. ಕೈ ಎಣ್ಣೆ ಆಗಿತ್ತು, ಗಿಡ್ಡ ಕಡ್ಡಿ ಜಾರಿ ಹಿಂದಕ್ಕೆ ಹೋಯ್ತು. ಗಮನಿಸಲಿಲ್ಲ."

"ಆವತ್ತು ನೀವು ಬಂದೇ ಇರ್ಲಿಲ್ಲ ಮೂರ್ತಿಗಳೇ."

"ಬಂದಿದ್ದೆ."

"ಇಲ್ಲ ಕಣ್ರೀ. ನಿಮ್ಮ ಪಾಲಿನ ಕೋಡುಬಳೆ ನಾನೇ ತಿಂದೆ."

"ಬಂದಿದ್ದೆ," ಎಂದೆ. ಹೇಳುತ್ತಾ ಹೇಳುತ್ತಾ ನಿಜಕ್ಕೂ ಬಂದಿದ್ದೆ ಅನ್ನಿಸಿತು. ಬೆರಳಿನ ಮೇಲಿನ ಎಣ್ಣೆ, ಕಡ್ಡಿಯ ಜಾರಿಕೆ, ಎಲ್ಲವೂ ಕಣ್ಣಿಗೆ ಕಟ್ಟಿದವು. ಈಗಲೂ ಕಟ್ಟುತ್ತವೆ, ಅದೇ ತೊಂದರೆ.

ಸರೋಜಮ್ಮ ನನ್ನನ್ನು ನೋಡಿದರು. "ಹಂಗಾದ್ರೆ ನನ್ ಕಣ್ಣು ಚೆನ್ನಾಗಿದೆ, ನೆನಪು ಕೆಟ್ಟಿದೆ ಅಂತೀರಾ? ಒಂದು ರಿಪೇರಿ ಮಾಡೋಕೆ ಬಂದು ಇನ್ನೊಂದು ಮುರೀತಿದೀರಲ್ರೀ!"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. "ನನ್ನ ನೆನಪೂ ಅಷ್ಟಕ್ಕಷ್ಟೆ" ಎಂದು ತೊದಲಿ, ಬೆನ್ನಿನ ಭಾಗವನ್ನು ಅವರ ಮಡಿಲಲ್ಲಿಟ್ಟೆ. ಅವರು ನೋಡಲಿಲ್ಲ, ಬೆರಳಾಡಿಸಿದರು. ಕೆಳಗಿನಿಂದ ಮೇಲಕ್ಕೆ ಒಂದು ಸಲ, ಮತ್ತೆ ಒಂದು ಸಲ.

"ತೊಳೆದಿದೀರಾ?"

"ಹೂಂ."

"ಮುಂಭಾಗ ಇನ್ನೂ ಆಗೇ ಇಲ್ಲ. ಎಲ್ಲ ಮುಗಿಯೋ ಮುಂಚೆ ಬೆನ್ನೊಂದನ್ನೇ ಯಾರಾದ್ರೂ ತೊಳೀತಾರಾ?"

ನಾನು ನನ್ನ ಹೆಣಿಗೆಯ ಚೀಲವನ್ನು ಸರಿಮಾಡಿಕೊಂಡೆ. ಅವರ ಬೆರಳು ತಪ್ಪಿದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅವರು ನಗಲು ಶುರುಮಾಡಿದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಪೊರೆ ತೆಗೆಯೋಕೆ ಡೇಟ್ ಕೊಟ್ಟಿದಾರೆ. ಮುಂದಿನ ತಿಂಗಳು. ಅಲ್ಲೀವರ್ಗೂ ಸುಮ್ನೆ ಕೂರೋಕೆ ನಂಗೂ ಬೇಜಾರೇ. ಒಂದು ಕೆಲ್ಸ ಮಾಡಿ. ಜಡೆ ಸಾಲು ಬಂದಾಗ ಪಕ್ಕದಲ್ಲಿ ಕೂತ್ಕೊಂಡು 'ಮುಂದೆ' ಅನ್ನಿ. ನೀವು ಹೆಣೆಯುವಾಗ ನಾನು ಅಂತೀನಿ."

"ಕಡ್ಡಿ ನಂದಿನಿ ಹತ್ರ ಇದೆಯಲ್ಲ?"

"ನಿಮ್ ಚೀಲದಲ್ಲಿ ಇಲ್ವಾ? ಕೊಡಿ ಇಲ್ಲಿ. ಅದ್ಯಾಕ್ರೀ ಇಷ್ಟು ಬಿಗಿಯಾಗಿ ಹೆಣೀತೀರ, ಕಡ್ಡಿ ಒಳಗೇ ಹೋಗ್ತಿಲ್ಲ!"

ಅಂದಿನಿಂದ ಎಂಟು ಸಾಲಿಗೊಮ್ಮೆ ಶೆಡ್ಡಿನಲ್ಲಿ "ಮುಂದೆ" ಎಂಬ ಕೂಗು ಕೇಳುತ್ತದೆ. ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ಒಮ್ಮೆ ಒಂದು ಆಟೋ ತನಗೇ ಹೇಳಿದರೆಂದುಕೊಂಡು ನಿಂತೂಬಿಟ್ಟಿತು. ನಂದಿನಿಯ ಸ್ವೆಟರಿನ ಮುಂಭಾಗದಲ್ಲಿ ಎರಡು ಜಡೆಗಳಿವೆ, ಒಂದೂ ತಪ್ಪಿಲ್ಲ. ಬೆನ್ನಿನದನ್ನು ಬಿಚ್ಚಿ ಸರಿಮಾಡೋಣ ಎಂದೆ. ಯಾರೂ ಒಪ್ಪಲಿಲ್ಲ. ಅವಳು ಅದನ್ನು ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದಾಳೆ.

ಆ ಜಡೆಯನ್ನು ಬಲಕ್ಕೆ ಹೊರಳಿಸಿದ್ದು ನನ್ನ ಕೈಯೋ ಅವರ ಕೈಯೋ, ನನಗೆ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ಒಂದೇ ದಾರಿಯನ್ನು ನಾನೇ ಬಕೆಟ್ಟಿನಲ್ಲಿ ಮುಳುಗಿಸಿದೆ. ಸರೋಜಮ್ಮನವರ ಬೆರಳಿಗೆ ಏನಾದರೂ ಸಿಕ್ಕಿತೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳಿಲ್ಲ.